ಹಣೆಯ ತೊಗಲು, ಮೂಗಿನ ಮಾನ

ಸಿಂದಗಿ ತಾಲ್ಲೂಕಿನ ಯಂಕಂಚಿ ಕಡೆಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುವವರಿಗೆ ಊರು ಕಾಣುವ ಮೊದಲೇ ಗೋಳಗುಮ್ಮಟ ಕಾಣುತ್ತದೆ. ಊರು ಸೇರಿದ ಮೇಲೆ ಇಬ್ರಾಹಿಂ ರೋಜಾ ಇದೆ, ಮಲಿಕ್-ಎ-ಮೈದಾನ್ ತೋಪು ಇದೆ. ಆದಿಲಶಾಹಿಗಳ ಕಾಲ ಕಲ್ಲಿನಲ್ಲಿ, ಕಂಚಿನಲ್ಲಿ ಬಿಟ್ಟುಹೋದದ್ದನ್ನೆಲ್ಲ ನಾವು ಕಣ್ಣಾರೆ ನೋಡಬಹುದು. ಆದರೆ ಅದೇ ಕಾಲದ ಒಂದು ವಿದ್ಯೆಯನ್ನು ನೋಡಲು ಇಲ್ಲಿ ಯಾವ ಕಟ್ಟಡವೂ ಇಲ್ಲ, ಶಾಸನವೂ ಇಲ್ಲ. ಅದು ಮನುಷ್ಯರ ಮುಖದ ಮೇಲೆ ಬರೆದಿದ್ದ ವಿದ್ಯೆ. ಆ ಮುಖಗಳು ಮಣ್ಣಾದಾಗ ಅದರ ಗುರುತೂ ಅಳಿಸಿತು. ಅದನ್ನು ಕಂಡು ಬರೆದಿಟ್ಟವನು ದೂರದ ವೆನಿಸ್ ನಗರದವನು.

ಅದು ಕೊಯ್ದ ಮೂಗನ್ನು ಮತ್ತೆ ಕಟ್ಟುವ ವಿದ್ಯೆ. ಇಂದು ನಗರಗಳ ಜಾಹೀರಾತು ಫಲಕಗಳಲ್ಲಿ 'ಕಾಸ್ಮೆಟಿಕ್ ಸರ್ಜರಿ' ಎಂಬ ಹೆಸರಿನಲ್ಲಿ ಮಿನುಗುವ ಚಿಕಿತ್ಸೆಯ ಹಿಂದಿನ ಪೀಳಿಗೆಯನ್ನು ಹುಡುಕಿ ಹೊರಟರೆ ಅದರ ಒಂದು ಬೇರು ಬಿಜಾಪುರದ ಮುತ್ತಿಗೆಗೆ ಬಂದು ಮುಟ್ಟುತ್ತದೆ. ಆ ಬೇರನ್ನು ಕೆದಕಿ ನೋಡುವುದು ಬರಿಯ ಹೆಮ್ಮೆಗಾಗಿ ಅಲ್ಲ. ಅರಿವಳಿಕೆಯಾಗಲಿ, ಕ್ರಿಮಿನಾಶಕವಾಗಲಿ ಇಲ್ಲದ ಕಾಲದಲ್ಲಿ ರೋಗಿಯನ್ನು ಬದುಕಿಸಿಕೊಂಡು ಮುಖ ತಿದ್ದುವುದು ಹೇಗೆ ಸಾಧ್ಯವಾಯಿತು, ಎಲ್ಲವೂ ಇರುವ ಈ ಕಾಲದಲ್ಲಿ ಆಗಾಗ ಏಕೆ ಸಾಧ್ಯವಾಗುತ್ತಿಲ್ಲ ಎಂಬ ಪ್ರಶ್ನೆ ಅದರೊಳಗಿದೆ.

ಮೂಗಿನ ಮೇಲಿನ ಯುದ್ಧ

ಬಿಜಾಪುರದ ಕೊನೆಯ ಮುತ್ತಿಗೆ ಆರಂಭವಾದದ್ದು 1685ರಲ್ಲಿ. ಮೊಗಲ್ ಸೇನೆ ತಿಂಗಳುಗಟ್ಟಲೆ ಕೋಟೆಯ ಹೊರಗೆ ಬೀಡುಬಿಟ್ಟಿತ್ತು. ಕಾಳಿಗೂ ಮೇವಿಗೂ ಬರ. 1686ರಲ್ಲಿ ಔರಂಗಜೇಬನೇ ಬಂದು ನಿಂತ ಮೇಲೆ, ಆ ವರ್ಷದ ಸೆಪ್ಟೆಂಬರ್ 12ರಂದು ಸಿಕಂದರ್ ಆದಿಲ್ ಶಹಾ ಶರಣಾದ. ಸುಮಾರು 200 ವರ್ಷಗಳ ರಾಜ್ಯ ಅಲ್ಲಿಗೆ ಮುಗಿಯಿತು. ಇಷ್ಟು ಶಾಲೆಯ ಪುಸ್ತಕದಲ್ಲಿಯೇ ಇದೆ.

ಪುಸ್ತಕದಲ್ಲಿ ಇಲ್ಲದ ಸಂಗತಿಯನ್ನು ನಿಕೊಲಾವೊ ಮನುಚಿ ದಾಖಲಿಸಿದ್ದಾನೆ. ಹದಿಹರೆಯದಲ್ಲಿ ವೆನಿಸ್ ಬಿಟ್ಟು 1656ರಲ್ಲಿ ಭಾರತಕ್ಕೆ ಬಂದ ಈತ ಮೊದಲು ದಾರಾ ಶಿಕೋಹನ ಸೇನೆಯಲ್ಲಿ ತೋಪಿನವನಾಗಿದ್ದ. ಆಮೇಲೆ ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ ವೈದ್ಯನಾದ. ಕೊನೆಗೆ ಮದರಾಸಿನಲ್ಲಿ ನೆಲೆ ನಿಂತ. ಮೊಗಲರ ಬಗೆಗೆ ಅವನು ಬರೆದ ದೊಡ್ಡ ಗ್ರಂಥವನ್ನು ವಿಲಿಯಂ ಇರ್ವಿನ್ 20ನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲಿಷಿಗೆ ತಂದ. ಮನುಚಿಯ ಮಾತೆಲ್ಲವನ್ನೂ ಇತಿಹಾಸಕಾರರು ಕಣ್ಣುಮುಚ್ಚಿ ನಂಬುವುದಿಲ್ಲ. ಅವನ ಪುಟಗಳಲ್ಲಿ ಅರಮನೆಯ ಹರಟೆ ಬೇಕಾದಷ್ಟಿದೆ. ಆದರೆ ಗಾಯ, ಔಷಧಿಗಳ ವಿಷಯ ಬಂದಾಗ ಅವನದು ಕಸುಬಿನವನ ಕಣ್ಣು.

ಬಿಜಾಪುರದವರು ತಮ್ಮ ಕೈಗೆ ಸಿಕ್ಕ ಮೊಗಲ್ ಪಾಳೆಯದ ಜನರನ್ನು ಕೊಲ್ಲದೆ ಮೂಗು ಕೊಯ್ದು ಬಿಡುತ್ತಿದ್ದರು. ಅವರು ರಕ್ತ ಸುರಿಸುತ್ತ ಬೀಡಿಗೆ ಮರಳುತ್ತಿದ್ದರು ಎಂದು ಅವನು ಹೇಳುತ್ತಾನೆ. ಸತ್ತವನು ಒಂದು ದಿನದ ಸುದ್ದಿ. ಮೂಗಿಲ್ಲದೆ ಮರಳಿದವನಾದರೋ ದಿನವೂ ಪಾಳೆಯದ ತುಂಬ ಓಡಾಡುವ ಭಯ. ಈ ಕ್ರೌರ್ಯದ ಹಿಂದಿನ ಲೆಕ್ಕ ಇದೇ ಇರಬೇಕು.

ಇದು ಬಿಜಾಪುರವೊಂದರ ಪಾಪವಲ್ಲ. 1650ರ ದಶಕದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಮಧುರೆಯ ನಾಡಿಗೆ ನುಗ್ಗಿದಾಗ ಸಿಕ್ಕ ಸಿಕ್ಕವರ ಮೂಗು ಕೊಯ್ದುದನ್ನೂ, ಮುಂದೆ ಮಧುರೆಯವರು ಅದೇ ರೀತಿ ಸೇಡು ತೀರಿಸಿಕೊಂಡುದನ್ನೂ ಆ ಕಾಲದ ಜೆಸ್ಯೂಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಆ ಕಾಳಗಕ್ಕೆ 'ಮೂಗಿನ ಯುದ್ಧ' ಎಂದೇ ಹೆಸರು ಬಿತ್ತು. ಕಳ್ಳತನಕ್ಕೆ ಶಿಕ್ಷೆಯಾಗಿ, ಹಾದರದ ಆರೋಪ ಹೊತ್ತ ಹೆಂಗಸರಿಗೆ ಶಿಕ್ಷೆಯಾಗಿ ಮೂಗು ಕೊಯ್ಯುವುದು ಶೂರ್ಪನಖಿಯ ಕಥೆಯಷ್ಟೇ ಹಳೆಯದು. ಕೈ ಕಳೆದುಕೊಂಡವನನ್ನು ಜನ ಅಯ್ಯೋ ಎನ್ನುತ್ತಾರೆ. ಮೂಗು ಕಳೆದುಕೊಂಡವನ ತಪ್ಪೇನು ಎಂದು ಕೇಳುತ್ತಾರೆ. ಮಾನಕ್ಕೂ ಮೂಗಿಗೂ ನಮ್ಮ ನುಡಿಯಲ್ಲಿ ಇರುವ ನಂಟು ಅಷ್ಟು ಗಾಢವಾದದ್ದು. ಆದ್ದರಿಂದ ಹೊಸ ಮೂಗು ಕಟ್ಟಿಕೊಡುವವನು ಅಂದಿನ ಸಮಾಜದಲ್ಲಿ ಬರಿಯ ಗಾಯದ ವೈದ್ಯನಾಗಿರಲಿಲ್ಲ. ಅವನು ಮನುಷ್ಯನನ್ನು ಮರಳಿ ಜನರ ನಡುವೆ ಕಳಿಸುತ್ತಿದ್ದ.

ಮನುಚಿ ಕಂಡದ್ದು

ಈ ನಾಡಿನ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ತೊಗಲನ್ನು ಕೊಯ್ದು ಮೂಗಿನ ಗಾಯದ ಮೇಲೆ ಇಳಿಬಿಡುತ್ತಿದ್ದರು. ಹಾಗೆ ಇಳಿಸುವಾಗ ಅದಕ್ಕೆ ಒಂದು ತಿರುಚು ಕೊಡುತ್ತಿದ್ದರು. ಹಣೆಯ ತೊಗಲನ್ನು ನೇರವಾಗಿ ಕೆಳಗೆ ಮಗುಚಿದರೆ ಒಳಗಿನ ಹಸಿ ಮಾಂಸ ಹೊರಗೆ ಬಂದು ತೊಗಲು ಒಳಗಾಗುತ್ತದೆ. ತಿರುಚಿದರೆ ತೊಗಲು ಹೊರಗೇ ಉಳಿದು, ಹಸಿ ಮಾಂಸ ಹಸಿ ಮಾಂಸವನ್ನು ಮುಟ್ಟುತ್ತದೆ, ಎರಡೂ ಕೂಡಿಕೊಳ್ಳುತ್ತವೆ. ಉಸಿರಾಟಕ್ಕೆ ದಾರಿ ಮುಚ್ಚದಂತೆ ಕೆಳಗೆ ಒಂದು ತಡೆ ಇಡುತ್ತಿದ್ದರು. ಗಾಯ ಬೇಗ ಮಾಗುತ್ತಿತ್ತು. ತಿರುಚಿದ ಜಾಗದಲ್ಲಿ, ಎರಡು ಹುಬ್ಬುಗಳ ನಡುವೆ, ಒಂದು ಸಣ್ಣ ತೂತು ಉಳಿಯುತ್ತಿತ್ತು.

ಇಂಥ ಮೂಗಿನವರನ್ನು ಅನೇಕರನ್ನು ನೋಡಿದ್ದಾಗಿ ಮನುಚಿ ಹೇಳಿಕೊಂಡಿದ್ದಾನೆ. ಗಮನಿಸಬೇಕಾದದ್ದು ಅವನ ತೀರ್ಪಿನ ಹದ. ಹೊಸ ಮೂಗು ಹಳೆಯದರಷ್ಟೇ ಚೆನ್ನ ಎಂದು ಅವನು ಹೇಳುವುದಿಲ್ಲ. ಅದು ಕುಂದುಳ್ಳ ಮೂಗೇ. ಆದರೆ ಮೂಗೇ ಇಲ್ಲದ ವಿಕಾರಕ್ಕಿಂತ ಎಷ್ಟೋ ಮೇಲು. ಹುಬ್ಬಿನ ನಡುವಿನ ಗುರುತು ಮಾತ್ರ ಹೋಗುವುದಿಲ್ಲ. ಚಿಕಿತ್ಸೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬ ಈ ಪ್ರಾಮಾಣಿಕ ಲೆಕ್ಕ ಇಂದಿನ ಎಷ್ಟೋ ಜಾಹೀರಾತುಗಳಲ್ಲಿ ಕಾಣುವುದಿಲ್ಲ.

ಕಾವಸ್ಜಿಯ ಮೂಗು

ಮನುಚಿ ಹೇಳಿದ್ದು ಸ್ಥೂಲ ನೋಟ. ಇದೇ ಚಿಕಿತ್ಸೆಯ ದಿನದಿನದ ವಿವರ ನಮಗೆ ಸಿಗುವುದು 108 ವರ್ಷಗಳ ಅನಂತರ. ಅಲ್ಲಿಯೂ ಕಥೆಯ ಮೊದಲ ತುದಿ ಕನ್ನಡ ನಾಡಿನಲ್ಲಿಯೇ ಇದೆ.

ಮೂರನೆಯ ಮೈಸೂರು ಯುದ್ಧದಲ್ಲಿ, 1792ರಲ್ಲಿ, ಕಾವಸ್ಜಿ ಎಂಬ ಎತ್ತಿನ ಬಂಡಿಯವನು ಇಂಗ್ಲಿಷರ ಸೇನೆಗೆ ಸಾಮಾನು ಹೊಡೆಯುತ್ತಿದ್ದ. ಅವನು ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಸುಮಾರು ಒಂದು ವರ್ಷ ಹಾಗೆಯೇ ಇದ್ದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿದ. ಥಾಮಸ್ ಕ್ರೂಸೊ, ಜೇಮ್ಸ್ ಫಿಂಡ್ಲೆ ಎಂಬ ಮುಂಬಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಈ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡಿದ್ದರು. ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಕಾವಸ್ಜಿಯ ಚಿತ್ರ ಬರೆದ. 1794ರ ಅಕ್ಟೋಬರ್ ತಿಂಗಳ 'ಜಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆಯಲ್ಲಿ ಚಿತ್ರದೊಡನೆ ಒಂದು ಪತ್ರ ಅಚ್ಚಾಯಿತು. ಲಂಡನ್ನಿನ ವೈದ್ಯರು ಬೆರಗಾದರು.

ಆ ಪತ್ರದಲ್ಲಿರುವ ಕ್ರಮವನ್ನು ನಿಧಾನವಾಗಿ ಓದಬೇಕು. ಮೊದಲು ತೆಳುವಾದ ಮೇಣದ ಹಾಳೆಯನ್ನು ಉಳಿದ ಮೂಗಿನ ಬುಡಕ್ಕೆ ಒತ್ತಿ, ಒಳ್ಳೆಯ ಮೂಗಿನ ಆಕಾರ ಬರುವಂತೆ ತಿದ್ದುತ್ತಿದ್ದರು. ಆಮೇಲೆ ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಿದ್ದರು. ಕತ್ತಿ ಹಿಡಿಯುವ ಮುನ್ನವೇ ಅಳತೆ ಮುಗಿದಿರುತ್ತಿತ್ತು. ಹಣೆಯ ತೊಗಲು ಒಮ್ಮೆ ಕೊಯ್ದ ಮೇಲೆ ಚಿಕ್ಕದಾಯಿತು ಎಂದರೆ ಮತ್ತೆ ಬೆಳೆಯುವುದಿಲ್ಲವಲ್ಲ.

ಗೆರೆಯ ಒಳಗಿನ ತೊಗಲನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕೊಯ್ಯದೆ ಉಳಿಸುತ್ತಿದ್ದರು. ಇಡೀ ವಿದ್ಯೆಯ ಜೀವ ಇರುವುದು ಈ ಪಟ್ಟಿಯಲ್ಲಿ. ಹೊಸ ಜಾಗದಲ್ಲಿ ಬೇರು ಹಿಡಿಯುವ ತನಕ ತೊಗಲಿಗೆ ರಕ್ತ ಹರಿಯಬೇಕಾದದ್ದು ಇದರ ಮೂಲಕವೇ. ಹೊಕ್ಕುಳ ಬಳ್ಳಿಯನ್ನು ಕೂಸು ಹುಟ್ಟುವ ಮುನ್ನ ಕತ್ತರಿಸಿದ ಹಾಗೆ, ಈ ಪಟ್ಟಿಯನ್ನು ಅವಸರದಲ್ಲಿ ಕತ್ತರಿಸಿದರೆ ಹೊಸ ಮೂಗು ಕಪ್ಪಿಟ್ಟು ಉದುರುತ್ತದೆ. ಹಳೆಯ ಗಾಯದ ಕಲೆಯನ್ನು ಹೆರೆದು ಹಸಿ ಮಾಡಿ, ಅಂಚಿನಲ್ಲಿ ಗಾಡಿ ಕೊಯ್ದು, ಇಳಿಬಿಟ್ಟ ತೊಗಲಿನ ಅಂಚನ್ನು ಅದರಲ್ಲಿ ಸೇರಿಸುತ್ತಿದ್ದರು.

ನಾವು ಎಲೆಯಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ನೆನೆಸಿ ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಹಾಕಿ ಜೋಡಣೆಯನ್ನು ಭದ್ರ ಮಾಡುತ್ತಿದ್ದರು. ಕಾಚಿನ ಒಗರು ಗುಣ ಗಾಯವನ್ನು ಬಿಗಿಹಿಡಿಯುತ್ತದೆ. ನಾಲ್ಕು ದಿನ ಅದನ್ನು ಮುಟ್ಟುವಂತಿಲ್ಲ. ಅನಂತರ ತೆಗೆದು, ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಬೆನ್ನ ಮೇಲೆಯೇ ಮಲಗಿರಬೇಕು. ಹತ್ತನೆಯ ದಿನ ಮೆತ್ತನೆಯ ಬಟ್ಟೆಯ ತುಂಡುಗಳನ್ನು ಹೊಳ್ಳೆಗಳಲ್ಲಿಟ್ಟು ಅವು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತಿದ್ದರು. ಸುಮಾರು ಇಪ್ಪತ್ತೈದನೆಯ ದಿನ, ಹೊಸ ತೊಗಲು ಬೇರು ಹಿಡಿದ ಮೇಲೆ, ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿ ಮೂಗಿನ ಬುಡವನ್ನು ಸಮ ಮಾಡುತ್ತಿದ್ದರು.

ಇಂದಿಗೂ ಕ್ಯಾನ್ಸರಿನಿಂದಲೋ ಅಪಘಾತದಿಂದಲೋ ಮೂಗು ಹೋದವರಿಗೆ ಹಣೆಯ ತೊಗಲಿನಿಂದಲೇ ಮೂಗು ಕಟ್ಟುವ ಕ್ರಮ ಇದೆ. ಅಲ್ಲಿಯೂ ಆ ಪಟ್ಟಿಯನ್ನು ಸಾಮಾನ್ಯವಾಗಿ ಮೂರು ವಾರ ಕಾದು ಕತ್ತರಿಸುತ್ತಾರೆ. ರಕ್ತನಾಳಗಳ ಶಾಸ್ತ್ರ ಓದದ ಇಟ್ಟಿಗೆಗಾರ ಅನುಭವದಿಂದ ಕಂಡುಕೊಂಡ ಗಡುವಿಗೂ, ಎಲ್ಲ ಓದಿದ ಇಂದಿನ ಸರ್ಜನ್ ಪಾಲಿಸುವ ಗಡುವಿಗೂ ಅಂತರ ಕೆಲವೇ ದಿನಗಳು.

ಈ ಕ್ರಮದಲ್ಲಿ ಕತ್ತಿಯ ಕೆಲಸ ಎಷ್ಟು, ಕಾಯುವ ಕೆಲಸ ಎಷ್ಟು ಎಂದು ನೋಡಿ. ಕೊಯ್ಯುವುದು ಒಂದು ದಿನದ ಮಾತು. ಉಳಿದ ಇಪ್ಪತ್ತನಾಲ್ಕು ದಿನ ಅಳತೆ, ವಿಶ್ರಾಂತಿ, ಉಸಿರು, ತಾಳ್ಮೆ. ರೋಗಿಯ ಸುರಕ್ಷತೆ ಎಂದು ನಾವು ಇಂದು ಕರೆಯುವುದು ಆ ಇಪ್ಪತ್ತನಾಲ್ಕು ದಿನಗಳಲ್ಲಿ ಇತ್ತು.

ಗ್ರಂಥದವರು, ಕೈಯವರು

ಈ ವಿದ್ಯೆಯ ಮೂಲ ಹೇಳುವಾಗ ಸುಶ್ರುತನ ಹೆಸರು ಬರುವುದು ಸಹಜ. ಸುಶ್ರುತ ಸಂಹಿತೆಯಲ್ಲಿ ಮೂಗು ಕೂಡಿಸುವ ಕ್ರಮ ಸ್ಪಷ್ಟವಾಗಿದೆ. ಮೂಗಿನ ಅಳತೆಗೆ ಸರಿಯಾಗಿ ಒಂದು ಎಲೆಯನ್ನು ಕತ್ತರಿಸಿ, ಅದೇ ಅಳತೆಯಲ್ಲಿ ಕೆನ್ನೆಯ ತೊಗಲನ್ನು ಬುಡ ಬಿಡಿಸದೆ ಎತ್ತಿ ಮೂಗಿಗೆ ಕೂಡಿಸಬೇಕು. ಉಸಿರಾಡಲು ಎರಡು ನಳಿಗೆ ಇಡಬೇಕು. ಜ್ಯೇಷ್ಠಮಧು ಮೊದಲಾದವುಗಳ ಪುಡಿ ಉದುರಿಸಿ, ಹತ್ತಿ ಮುಚ್ಚಿ, ಎಳ್ಳೆಣ್ಣೆ ಹಾಕುತ್ತಿರಬೇಕು. ಸುಶ್ರುತ ಹೇಳಿದ್ದು ಕೆನ್ನೆ, ಬಿಜಾಪುರ ಮತ್ತು ಪುಣೆಗಳಲ್ಲಿ ನಡೆದದ್ದು ಹಣೆ. ಎರಡರ ನಡುವೆ ಯಾರು ಯಾವಾಗ ಬದಲಾಯಿಸಿದರು ಎಂಬುದಕ್ಕೆ ದಾಖಲೆ ಸಿಕ್ಕಿಲ್ಲ. ಆದರೆ ಅಳತೆ, ಬುಡ ಉಳಿಸುವುದು, ಉಸಿರಿನ ದಾರಿ ಎಂಬ ಮೂರು ಸೂತ್ರಗಳು ಎರಡರಲ್ಲೂ ಒಂದೇ.

ಇನ್ನೊಂದು ಮಾತನ್ನು ಮರೆಯಬಾರದು. ಪುಣೆಯಲ್ಲಿ ಕತ್ತಿ ಹಿಡಿದವನು ಸಂಸ್ಕೃತ ಓದಿದ ಪಂಡಿತನಲ್ಲ, ಇಟ್ಟಿಗೆ ಸುಡುವವನ ಮಗ. ಕನ್ನಡದಲ್ಲಿ 12ನೆಯ ಶತಮಾನದಷ್ಟು ಹಿಂದೆಯೇ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ದಂಥ ವೈದ್ಯಗ್ರಂಥ ಹುಟ್ಟಿತ್ತು. ಗ್ರಂಥ ಇದ್ದವರ ಹೆಸರು ಉಳಿಯಿತು. ರಕ್ತ, ಕೀವು ಮುಟ್ಟುವ ಕೆಲಸ ಕೀಳೆಂದು ಎಣಿಸಿದ ಸಮಾಜದಲ್ಲಿ ಅದು ಕುಂಬಾರರ, ಕ್ಷೌರಿಕರ, ಇಟ್ಟಿಗೆಯವರ ಮನೆಗಳಿಗೆ ಸರಿಯಿತು. ಅಪ್ಪನಿಂದ ಮಗನ ಕೈಗೆ ಹೋದ ವಿದ್ಯೆ ಮಗ ಬೇರೆ ಕಸುಬು ಹಿಡಿದ ದಿನ ಮುಗಿಯಿತು. ಮನುಚಿ ಹೊಗಳಿದ ವೈದ್ಯರಲ್ಲಿ ಒಬ್ಬನ ಹೆಸರೂ ನಮಗೆ ತಿಳಿಯದು. ಕಾವಸ್ಜಿಯ ಹೆಸರು, ನೋಡಿದ ವೈದ್ಯರ ಹೆಸರು, ಚಿತ್ರ ಬರೆದವನ ಹೆಸರು ಎಲ್ಲ ಉಳಿದವು. ಮೂಗು ಕಟ್ಟಿದವನ ಜಾತಿಯಷ್ಟೇ ಉಳಿಯಿತು.

ಬರೆದಿಡದ ವಿದ್ಯೆಗೆ ಮತ್ತೊಂದು ಕೊರತೆಯೂ ಉಂಟು. ಎಷ್ಟು ಜನರ ಮೂಗು ಉಳಿಯಿತು, ಎಷ್ಟು ಜನ ನಂಜೇರಿ ಸತ್ತರು ಎಂಬ ಲೆಕ್ಕ ಅದರಲ್ಲಿಲ್ಲ. ಪುಣೆಯ ಪತ್ರ ಈ ಚಿಕಿತ್ಸೆ ಬಹುಮಟ್ಟಿಗೆ ಯಶಸ್ವಿ ಎನ್ನುತ್ತದೆ. ಆದರೆ ಒಂದು ಪತ್ರ ಲೆಕ್ಕಪುಸ್ತಕವಲ್ಲ. ಹಿಂದಿನದೆಲ್ಲ ಚಿನ್ನ ಎಂದು ಬೀಗುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಇಪ್ಪತ್ತು ವರ್ಷ ಕಾದ ಸರ್ಜನ್

ಯುರೋಪಿನಲ್ಲಿ ಈ ವಿದ್ಯೆ ಇರಲೇ ಇಲ್ಲ ಎಂದಲ್ಲ. ಇಟಲಿಯ ಬೊಲೋನಾದಲ್ಲಿ ಗಾಸ್ಪಾರೆ ತಾಲ್ಯಕೋಚಿ ಎಂಬ ವೈದ್ಯ ತೋಳಿನ ತೊಗಲಿನಿಂದ ಮೂಗು ಕಟ್ಟುವ ವಿಧಾನವನ್ನು 1597ರಲ್ಲಿ ಗ್ರಂಥವಾಗಿಯೇ ಪ್ರಕಟಿಸಿದ್ದ. ರೋಗಿ ವಾರಗಟ್ಟಲೆ ತೋಳನ್ನು ತಲೆಗೆ ಕಟ್ಟಿಕೊಂಡು ಕೂರಬೇಕಾದ ಕಷ್ಟದ ಕ್ರಮ ಅದು. ಅವನ ಕಾಲಾನಂತರ ಅದನ್ನು ಜನ ಹೆಚ್ಚುಕಡಿಮೆ ಮರೆತರು. ಹೀಗಾಗಿ 1794ರಲ್ಲಿ ಪುಣೆಯ ಸುದ್ದಿ ಲಂಡನ್ನಿಗೆ ಹೊಸದಾಗಿಯೇ ಕಂಡಿತು.

ಅದನ್ನು ಗಂಭೀರವಾಗಿ ತೆಗೆದುಕೊಂಡವನು ಜೋಸೆಫ್ ಕಾರ್ಪ್ಯೂ. ಅವನು ಮರುದಿನವೇ ಕತ್ತಿ ಎತ್ತಲಿಲ್ಲ. ಭಾರತದಿಂದ ಮರಳಿದವರನ್ನು ಹುಡುಕಿ ವಿಚಾರಿಸಿದ, ಹೆಣಗಳ ಮೇಲೆ ಅಭ್ಯಾಸ ಮಾಡಿದ, ತಕ್ಕ ರೋಗಿ ಬರುವ ತನಕ ಇಪ್ಪತ್ತು ವರ್ಷ ಕಾದ. 1814ರ ಅಕ್ಟೋಬರ್ 23ರಂದು ಮೂಗು ಕಳೆದುಕೊಂಡ ಒಬ್ಬ ಸೇನಾಧಿಕಾರಿಗೆ ಹಣೆಯ ತೊಗಲಿನಿಂದ ಮೂಗು ಕಟ್ಟಿದ. ಅರಿವಳಿಕೆ ಬರಲು ಇನ್ನೂ 32 ವರ್ಷ ಇತ್ತು. ಕೊಯ್ಯುವ ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ಎರಡನೆಯ ರೋಗಿ ಯುದ್ಧದಲ್ಲಿ ಕತ್ತಿಯೇಟಿನಿಂದ ಮೂಗು ಕೆಟ್ಟವನು. 1816ರಲ್ಲಿ ಕಾರ್ಪ್ಯೂ ಎರಡೂ ಪ್ರಸಂಗಗಳನ್ನು ಪುಸ್ತಕವಾಗಿ ಬರೆದು, ವಿದ್ಯೆ ಭಾರತದ್ದು ಎಂದು ಒಪ್ಪಿಕೊಂಡ. 1818ರಲ್ಲಿ ಬರ್ಲಿನ್ನಿನ ಕಾರ್ಲ್ ಫಾನ್ ಗ್ರೇಫೆ ಇದೇ ವಿಷಯದ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲಿ 'ಪ್ಲಾಸ್ಟಿಕ್' ಎಂಬ ಮಾತು ಬಂತು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ರೂಪ ಕೊಡುವುದು ಎಂದರ್ಥ. ನಮ್ಮ ಬಕೆಟ್ಟು, ಬಿಂದಿಗೆಯ ಪ್ಲಾಸ್ಟಿಕ್ಕಿಗೂ ಈ ಸರ್ಜರಿಗೂ ಸಂಬಂಧವಿಲ್ಲ. ನಮ್ಮಲ್ಲಿ ಇದನ್ನು ಸುರೂಪಿಕಾ ಶಸ್ತ್ರಚಿಕಿತ್ಸೆ ಎಂದರು. ಆ ಹೆಸರು ಹೆಚ್ಚು ಬಳಕೆಗೆ ಬರಲಿಲ್ಲ.

ವಿದ್ಯೆ ಹುಟ್ಟಿದ ನಾಡಿನಲ್ಲಿ ಲೆಕ್ಕ ಇಡುವ ಕೆಲಸವೂ ಮುಂದೆ ಆಯಿತು. ಗುಜರಾತಿನ ಜುನಾಗಢದಲ್ಲಿ ತ್ರಿಭುವನದಾಸ್ ಮೋತಿಚಂದ್ ಶಹಾ ಎಂಬ ವೈದ್ಯರು ತಾವು ಮೂಗು ಕಟ್ಟಿದ 100 ರೋಗಿಗಳ ವಿವರವನ್ನು 1889ರಲ್ಲಿ ಪ್ರಕಟಿಸಿದರು. ಒಂದು ಅದ್ಭುತ ಪ್ರಸಂಗದ ಬದಲು ನೂರು ಪ್ರಸಂಗಗಳನ್ನು ಮುಂದಿಟ್ಟದ್ದು ಸಣ್ಣ ಸಂಗತಿಯಲ್ಲ. ಕೈಚಳಕವು ಶಾಸ್ತ್ರವಾಗುವುದು ಎಣಿಕೆಯಿಂದ.

ಕಳೆದದ್ದರಿಂದ ಬೇಕಾದದ್ದಕ್ಕೆ

ಅಲ್ಲಿಂದ ಮುಂದೆ ಎರಡು ಸಂಗತಿಗಳು ಶಸ್ತ್ರಚಿಕಿತ್ಸೆಯ ಮುಖವನ್ನೇ ಬದಲಿಸಿದವು. 1846ರಲ್ಲಿ ಈಥರ್ ನೋವನ್ನು ಕಳೆಯಿತು. 1867ರಲ್ಲಿ ಜೋಸೆಫ್ ಲಿಸ್ಟರ್ ನಂಜಿನ ಕಾರಣ ತಿಳಿದು ಅದನ್ನು ತಡೆಯುವ ದಾರಿ ಪ್ರಕಟಿಸಿದ. ಮೊದಲ ಮಹಾಯುದ್ಧದಲ್ಲಿ ಮುಖ ಚೂರಾದ ಸೈನಿಕರಿಗಾಗಿ ಇಂಗ್ಲೆಂಡಿನಲ್ಲಿ ಹೆರಾಲ್ಡ್ ಗಿಲೀಸ್ ಈ ವಿದ್ಯೆಯನ್ನು ಹೊಸ ಎತ್ತರಕ್ಕೆ ಒಯ್ದ.

ನೋವು ಹೋಯಿತು, ಭಯವೂ ಇಳಿಯಿತು. ಕಳೆದುಹೋದ ಮೂಗನ್ನು ಮರಳಿ ಕೊಡುತ್ತಿದ್ದ ಕೈಗಳ ಮುಂದೆ ಈಗ ಇರುವ ಮೂಗನ್ನು ಇನ್ನಷ್ಟು ಚೆಂದ ಮಾಡಿ ಎನ್ನುವವರೂ ಬಂದು ಕುಳಿತರು. ಇದರಲ್ಲಿ ನಗುವಂಥದ್ದೇನಿಲ್ಲ. ತನ್ನ ಮುಖದ ಬಗೆಗೆ ಮನುಷ್ಯನಿಗಿರುವ ಸಂಕಟ ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಸೀಳುತುಟಿಯ ಮಗು, ಒಲೆಯ ಬೆಂಕಿಯಲ್ಲಿ ಬೆಂದ ಹೆಣ್ಣುಮಗಳು, ಆ್ಯಸಿಡ್ ದಾಳಿಗೆ ತುತ್ತಾದವಳು ಇವರಿಗೆ ಈ ಚಿಕಿತ್ಸೆ ಅಲಂಕಾರವಲ್ಲ, ಬದುಕು. ಆ್ಯಸಿಡ್ ದಾಳಿಗೆ ತುತ್ತಾದವರಿಗೆ ಖಾಸಗಿ ಆಸ್ಪತ್ರೆಗಳೂ ಉಚಿತವಾಗಿ ಚಿಕಿತ್ಸೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ಇಂದಿನ ಆ್ಯಸಿಡ್ ಬಾಟಲಿಗೂ ಅಂದಿನ ಮೂಗು ಕೊಯ್ಯುವ ಕತ್ತಿಗೂ ಉದ್ದೇಶ ಒಂದೇ ಅಲ್ಲವೆ? ಕೊಲ್ಲದೆ ಮಾನ ಕಳೆಯುವುದು.

ಆದರೆ ಬೇಡಿಕೆ ಬೆಳೆದ ಕಡೆ ಅವಸರವೂ ಬೆಳೆಯುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆಂದು ಹೋದವಳು ಮನೆಗೆ ಮರಳಲಿಲ್ಲ. ಇದು ನಿರ್ಲಕ್ಷ್ಯದಿಂದಾದ ಸಾವು ಎಂದು ಹೆತ್ತವರು ದೂರಿದರು. ಆ ಪ್ರಕರಣದ ತಪ್ಪುಒಪ್ಪು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಕೊಬ್ಬು ತೆಗೆಯುವುದು ಕೂದಲು ಕತ್ತರಿಸಿದಷ್ಟು ಸುಲಭವಲ್ಲ ಎಂಬುದನ್ನು ಆ ಸಾವು ಇಡೀ ನಾಡಿಗೆ ತೋರಿಸಿತು. ಕೊಬ್ಬಿನ ಕಣ ರಕ್ತಕ್ಕೆ ಸೇರಿ ಶ್ವಾಸಕೋಶ ತಲುಪಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮರಗಟ್ಟಿಸುವ ಔಷಧಿ ಮಿತಿಮೀರಬಹುದು. ಮೈಯಲ್ಲಿನ ನೀರಿನ ಸಮತೋಲ ಕೆಡಬಹುದು. ಒಮ್ಮೆಗೆ ಐದು ಲೀಟರಿಗಿಂತ ಹೆಚ್ಚು ತೆಗೆದರೆ ರಾತ್ರಿಯಿಡೀ ರೋಗಿಯ ಮೇಲೆ ಕಣ್ಣಿಡಬೇಕು ಎನ್ನುವುದು ಪರಿಣತರು ಒಪ್ಪಿದ ಎಚ್ಚರಿಕೆ. ರೋಗ ಇದ್ದವನು ಅಪಾಯವನ್ನು ತೂಗಿ ನೋಡಿ ಶಸ್ತ್ರಚಿಕಿತ್ಸೆಗೆ ಒಪ್ಪುತ್ತಾನೆ. ಆರೋಗ್ಯವಾಗಿದ್ದವರನ್ನು ಮೇಜಿನ ಮೇಲೆ ಮಲಗಿಸುವ ವೈದ್ಯನ ಹೊಣೆ ಆದ್ದರಿಂದಲೇ ಇಮ್ಮಡಿ.

ಮತ್ತೆ ಮೇಣದ ಅಚ್ಚಿಗೆ

ಒಳ್ಳೆಯ ಸರ್ಜನ್ ಈ ಹೊಣೆಯನ್ನು ಹೇಗೆ ಹೊರುತ್ತಾನೆ? ಉತ್ತರ ಹುಡುಕಿದರೆ ಹಳೆಯ ಇಟ್ಟಿಗೆಗಾರನ ಕ್ರಮವೇ ಹೊಸ ಬಟ್ಟೆ ತೊಟ್ಟು ಎದುರಾಗುತ್ತದೆ.

ಅವನು ಮೊದಲು ಮೇಣದಲ್ಲಿ ಮೂಗು ಮಾಡಿ ನೋಡುತ್ತಿದ್ದ. ಇಂದು ಆ ಜಾಗದಲ್ಲಿ ರೋಗಿಯೊಡನೆ ನಡೆಸುವ ಮಾತುಕತೆ ಇದೆ. ಏನು ಬೇಕು, ಏಕೆ ಬೇಕು, ಏನು ಸಾಧ್ಯ, ಕಲೆ ಎಲ್ಲಿ ಉಳಿಯುತ್ತದೆ ಎಂಬುದೆಲ್ಲ ಕತ್ತಿಗಿಂತ ಮೊದಲು ತೀರ್ಮಾನವಾಗಬೇಕು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿ ಇವನ್ನೆಲ್ಲ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಕೊನೆಯ ಗಳಿಗೆಯಲ್ಲಿ ಸಹಿ ಹಾಕಿಸಿಕೊಂಡ ಕಾಗದ ಮೇಣದ ಅಚ್ಚಾಗಲಾರದು. 'ನಿಮಗೆ ಇದು ಬೇಡ' ಎಂದು ಹೇಳಿ ಕಳಿಸುವ ಧೈರ್ಯವೂ ಈ ಮಾತುಕತೆಯ ಭಾಗ.

ಕಣ್ಣುಗಳ ನಡುವಿನ ಪಟ್ಟಿಯಂತೆ ಜೀವದ ದಾರಿಯನ್ನು ಕಾಯುವ ಕೆಲಸಕ್ಕೆ ಇಂದು ಅರಿವಳಿಕೆ ತಜ್ಞರಿದ್ದಾರೆ, ನಾಡಿ-ಉಸಿರು ತೋರಿಸುವ ಯಂತ್ರಗಳಿವೆ, ತುರ್ತು ನಿಗಾ ಘಟಕಗಳಿವೆ. ಇವು ಇಲ್ಲದ ಕಡೆ ದೊಡ್ಡ ಶಸ್ತ್ರಚಿಕಿತ್ಸೆಗೆ ಮಲಗುವುದು ಪಟ್ಟಿಯನ್ನು ಮೊದಲ ದಿನವೇ ಕತ್ತರಿಸಿದಂತೆ. ತಂಬಾಕು ಸೇದುವವರಿಗೆ ಶಸ್ತ್ರಚಿಕಿತ್ಸೆಗೆ ವಾರಗಳ ಮುನ್ನವೇ ಅದನ್ನು ಬಿಡಿ ಎಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ. ಹೊಗೆ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ, ಎತ್ತಿ ಕೂಡಿಸಿದ ತೊಗಲನ್ನು ಉಪವಾಸ ಕೆಡವುತ್ತದೆ.

ಇನ್ನು ಎಣಿಕೆಯ ಮಾತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಒಂದು ಪಟ್ಟಿ ಮಾಡಿಕೊಟ್ಟಿತು. ಅರಿವಳಿಕೆಗೆ ಮುನ್ನ, ಕೊಯ್ಯುವುದಕ್ಕೆ ಮುನ್ನ, ರೋಗಿಯನ್ನು ಹೊರಗೆ ಒಯ್ಯುವುದಕ್ಕೆ ಮುನ್ನ ಮೂರು ಸಲ ಎಲ್ಲರೂ ನಿಂತು ಗಟ್ಟಿಯಾಗಿ ಕೇಳಿ ಹೇಳಬೇಕು: ರೋಗಿ ಯಾರು, ಕೊಯ್ಯಬೇಕಾದ ಜಾಗ ಯಾವುದು, ಯಾವ ಔಷಧಿ ಒಗ್ಗುವುದಿಲ್ಲ, ಸೂಜಿ-ಬಟ್ಟೆಗಳ ಲೆಕ್ಕ ಸರಿಯಿದೆಯೆ? ದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೂ, ದೊಡ್ಡ ತೊಡಕುಗಳು ನೂರಕ್ಕೆ 11ರಿಂದ 7ಕ್ಕೂ ಇಳಿದವು. ಹೊಸ ಔಷಧಿ ಇಲ್ಲ, ಹೊಸ ಯಂತ್ರವಿಲ್ಲ. ಒಂದು ಹಾಳೆ ಕಾಗದ, ಎರಡು ನಿಮಿಷದ ತಾಳ್ಮೆ.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ಪ್ರತಿ ಆಸ್ಪತ್ರೆ, ಕ್ಲಿನಿಕ್ ನೋಂದಣಿಯಾಗಿರಲೇಬೇಕು. ನೋಂದಣಿ ಪತ್ರ ಎಲ್ಲಿದೆ, ಈ ಶಸ್ತ್ರಚಿಕಿತ್ಸೆಗೆ ಇಲ್ಲಿ ಅನುಮತಿ ಇದೆಯೆ, ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪಡೆದವರೆ, ಅರಿವಳಿಕೆ ಕೊಡುವವರು ಯಾರು, ಏರುಪೇರಾದರೆ ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳುವುದು ವೈದ್ಯರ ಮೇಲಿನ ಅವಿಶ್ವಾಸವಲ್ಲ. ನಾವು ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಬೀಜ ಕೊಳ್ಳುವಾಗ ಚೀಟಿ ನೋಡುತ್ತೇವೆ. ಮೈ ಒಪ್ಪಿಸುವಾಗ ಮಾತ್ರ ಸಂಕೋಚ ಏಕೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಮುನಿಯುವುದಿಲ್ಲ. ಮುನಿದರೆ ಅದೇ ಉತ್ತರ.

ಬಿಜಾಪುರದ ಮುತ್ತಿಗೆ ಮುಗಿದು ಸರಿಯಾಗಿ 300 ವರ್ಷಕ್ಕೆ, 1986ರಲ್ಲಿ, ಇದೇ ಊರಿನಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಆರಂಭವಾಯಿತು. ಸುಟ್ಟ ಗಾಯ ಹೊತ್ತವರು, ರಸ್ತೆ ಅಪಘಾತದಲ್ಲಿ ಮುಖ ಜಜ್ಜಿದವರು ಯಂಕಂಚಿಯಂಥ ಹಳ್ಳಿಗಳಿಂದ ಚಿಕಿತ್ಸೆಗಾಗಿ ಇಂದು ಹಿಡಿಯುವುದೂ ಗೋಳಗುಮ್ಮಟ ಕಾಣುವ ಅದೇ ದಾರಿಯನ್ನು. ಅಂದು ರಕ್ತ ಸುರಿಸುತ್ತ ಪಾಳೆಯಕ್ಕೆ ಮರಳಿದವನ ಎದುರು ಕುಳಿತಿದ್ದ ಹೆಸರಿಲ್ಲದ ವೈದ್ಯನ ಬಳಿ ಈಥರ್ ಇರಲಿಲ್ಲ, ಪದವಿ ಇರಲಿಲ್ಲ. ಅವನ ಬಳಿ ಇದ್ದದ್ದು ಅಳತೆ, ತಾಳ್ಮೆ, ಮತ್ತು ಕುಂದನ್ನು ಕುಂದೆಂದೇ ತೋರಿಸುವ ಕೆಲಸ.

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನಮ್ಮಲ್ಲಿದೆ. ಚೆಲುವಿಗಾಗಿ ತೊಡುವುದು ಜೀವಕ್ಕಿಂತ ತೂಕವಾಗಬಾರದು. ಮೂಗುತಿ ಬೇಡವೆಂದು ಗಾದೆ ಹೇಳುವುದಿಲ್ಲ. ತೂಗಿ ನೋಡು ಎನ್ನುತ್ತದೆ.